ಹೊರಗಿನವರು ಕೈಜೋಡಿಸಬೇಕಾದರೆ ಕೋಡಿನ ಜೊತೆಗೆ ಏನೇನಿರಬೇಕು?

ಪ್ರಶ್ನೆ: ನಾನು ವಿರಾಜಪೇಟೆ ಸಮೀಪದ ಕಾಫಿ ಬೆಳೆಗಾರರ ಮನೆಯವನು, ಬೆಂಗಳೂರಿನ ಕಂಪನಿಯೊಂದಕ್ಕೆ ಊರಿನಿಂದಲೇ ಕೆಲಸ ಮಾಡುತ್ತೇನೆ. ತೋಟದ ರೈಟರುಗಳು ಪುಸ್ತಕದಲ್ಲಿ ಬರೆದಿಡುವ ದಿನದ ಮಳೆ ಲೆಕ್ಕವನ್ನು ಮೊಬೈಲಿನಲ್ಲಿ ದಾಖಲಿಸುವ, ನೆಟ್‌ವರ್ಕ್ ಇಲ್ಲದಾಗಲೂ ನಡೆಯುವ ಆ್ಯಪ್ ಒಂದನ್ನು ಬರೆದು, ಅದರ ಕೋಡನ್ನು, ಇಂಥದ್ದನ್ನು ಹಂಚಿಕೊಳ್ಳುವ ಜಾಲತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದ್ದೇನೆ. ಸಹಾಯ ಮಾಡುತ್ತೇವೆ ಎಂದವರು ಹಲವರಿದ್ದರೂ ಬದಲಾವಣೆ ಕಳುಹಿಸಿದವರು ಒಬ್ಬರೇ. ಅವರೂ ನಮ್ಮ ಸೆಂಟ್ ಲೆಕ್ಕವನ್ನು ಮಿಲಿಮೀಟರ್ ಎಂದು ತಿಳಿದು ತಿದ್ದಿದ್ದರು. ಹೊರಗಿನವರನ್ನು ಕರೆಯುವ ಮೊದಲು ಏನು ಸಿದ್ಧಪಡಿಸಿಕೊಳ್ಳಬೇಕು?
— ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಕೋಡನ್ನು ಕಾಣುವಂತೆ ಇಟ್ಟಿರುವುದಾಗಿ ತಿಳಿಸಿದ್ದೀರಿ, ಆದರೆ ಪತ್ರದಲ್ಲಿ ಎಲ್ಲಿಯೂ ಪರವಾನಗಿಯ ಪ್ರಸ್ತಾಪವಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯು ಕಂಪ್ಯೂಟರ್ ಪ್ರೋಗ್ರಾಂಗಳನ್ನೂ ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿರುವುದರಿಂದ, ಪರವಾನಗಿ ಕೊಡದ ಕೋಡನ್ನು ಇತರರು ನೋಡಬಹುದೇ ಹೊರತು ತಿದ್ದಿ ಹಂಚುವ ಹಕ್ಕು ಅವರಿಗೆ ಬರುವುದಿಲ್ಲ, ಮತ್ತು ಇದನ್ನು ಬಲ್ಲವರು ಅಂಥ ಕೋಡಿಗೆ ಕೈ ಹಾಕುವುದೂ ಇಲ್ಲ. ಯಾರು ಹೇಗೆ ಬಳಸಿಕೊಂಡರೂ ಸರಿ ಎನ್ನುವುದಾದರೆ ಎಂಐಟಿ ಪರವಾನಗಿ ಸಾಕು. ಆ್ಯಪನ್ನು ತಿದ್ದಿ ಹಂಚುವವರು ತಮ್ಮ ಕೋಡನ್ನೂ ತೆರೆದಿಡಲೇಬೇಕು ಎನ್ನುವುದಾದರೆ 2007ರಲ್ಲಿ ಬಂದ ಜಿಪಿಎಲ್ ಮೂರನೆಯ ಆವೃತ್ತಿಯನ್ನು ಆರಿಸಿಕೊಳ್ಳಿ. ನಿಮ್ಮ ಕೆಲಸಕ್ಕೆ ನನ್ನ ಒಲವು ಇದರ ಕಡೆಗೇ. ಯಾವುದನ್ನು ಆರಿಸಿದರೂ ಈಗಲೇ ಆರಿಸಿ, ಏಕೆಂದರೆ ಹತ್ತು ಮಂದಿಯ ಕೋಡ್ ಸೇರಿದ ಮೇಲೆ ಪರವಾನಗಿ ಬದಲಿಸಲು ಸಾಮಾನ್ಯವಾಗಿ ಆ ಹತ್ತೂ ಮಂದಿಯ ಒಪ್ಪಿಗೆ ಬೇಕಾಗುತ್ತದೆ. ನೀವು ನೌಕರಿಯಲ್ಲಿರುವುದರಿಂದ ಇನ್ನೊಂದು ಮಾತು: ಅದೇ ಕಾಯ್ದೆಯ 17ನೇ ಕಲಮಿನ ಪ್ರಕಾರ ನೌಕರಿಯ ಭಾಗವಾಗಿ ಮಾಡಿದ ಕೃತಿಯ ಮೊದಲ ಒಡೆತನ, ಬೇರೆ ಒಪ್ಪಂದವಿಲ್ಲದಿದ್ದರೆ, ಕೆಲಸ ಕೊಟ್ಟವರದು. ಕಂಪನಿಯ ಲ್ಯಾಪ್‌ಟಾಪಿನಲ್ಲಿ ಬರೆದಿದ್ದರಂತೂ ನೇಮಕಾತಿ ಪತ್ರವನ್ನು ಇನ್ನೊಮ್ಮೆ ಓದಿ, ಸಾಧ್ಯವಾದರೆ ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಇನ್ನು ಸೆಂಟಿನ ವಿಷಯ. ಅದನ್ನು ಮಿಲಿಮೀಟರ್ ಎಂದು ತಿಳಿದವರನ್ನು ದೂರುವಂತಿಲ್ಲ. ಕೊಡಗಿನ ತೋಟಗಳಲ್ಲಿ ಒಂದು ಇಂಚನ್ನು ನೂರು ಸೆಂಟ್ ಮಾಡಿ ಮಳೆ ಅಳೆಯುತ್ತಾರೆ, ‘ಇವತ್ತು ಇಂಚು ಹನ್ನೆರಡು ಸೆಂಟ್’ ಎಂದರೆ ಸುಮಾರು 28.4 ಮಿಲಿಮೀಟರ್ ಎಂಬುದು ನಿಮಗೂ ನಿಮ್ಮ ರೈಟರಿಗೂ ಹೇಳಬೇಕಾಗಿಲ್ಲದ ಸಂಗತಿ. ಹೊರಗಿನವರಿಗೆ ಕೋಡಿನಲ್ಲಿ ಕಾಣುವುದು ‘ಮಳೆ’ ಎಂಬ ಹೆಸರು, ಅದರ ಮುಂದೆ 112 ಎಂಬ ಅಂಕೆ, ಅಷ್ಟೇ. ಆ ಹೆಸರನ್ನೇ ‘ಮಳೆ ಸೆಂಟ್‌ಗಳಲ್ಲಿ’ ಎಂದು ಬದಲಿಸಿದ್ದರೆ ಅರ್ಧ ಗೊಂದಲ ಅಲ್ಲೇ ತೀರುತ್ತಿತ್ತು. ಉಳಿದರ್ಧಕ್ಕೆ, 112 ಕೊಟ್ಟರೆ 28.4 ಬರಬೇಕು ಎಂದು ನೋಡುವ ಪುಟ್ಟ ಪರೀಕ್ಷೆಯೊಂದನ್ನು ಬರೆದು, ಪ್ರತಿ ಪುಲ್ ರಿಕ್ವೆಸ್ಟ್ (ಸೇರಿಸಿಕೊಳ್ಳಿ ಎಂದು ಕಳುಹಿಸುವ ಬದಲಾವಣೆ) ಬಂದಾಗಲೂ ಅದು ತಾನಾಗಿ ಓಡುವಂತೆ ಮಾಡಿ. ಆಗ ತಪ್ಪು ತಿದ್ದುಪಡಿಗೆ ನೀವು ಬೇಡ ಎನ್ನುವ ಮುಜುಗರವೇ ಇಲ್ಲ. ಕಳುಹಿಸಿದವರೇ ಕೆಂಪು ಗುರುತು ಕಂಡು ಸರಿಪಡಿಸಿಕೊಳ್ಳುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆಯ ಲೆಕ್ಕವನ್ನು ಬೇರೆಯಾಗಿ ಏಕೆ ತೋರಿಸುತ್ತೀರಿ, ಬೆಳಿಗ್ಗೆ ಅಳೆದ ಮಳೆಯನ್ನು ಯಾವ ದಿನದ ಖಾತೆಗೆ ಬರೆಯುತ್ತೀರಿ ಎಂಬಂಥ, ತೋಟದವರಿಗಷ್ಟೇ ಗೊತ್ತಿರುವ ನಿಯಮಗಳನ್ನೆಲ್ಲ ಒಂದು ಪುಟದಲ್ಲಿ ಬರೆದಿಡಿ. ನನ್ನ ಮಟ್ಟಿಗೆ ನಿಮ್ಮ ಯೋಜನೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಕಡತ ಅದೇ ಆಗುತ್ತದೆ.

ಯೋಜನೆಯನ್ನು ಪರಿಚಯಿಸುವ ರೀಡ್‌ಮಿ ಕಡತದಲ್ಲಿ ಆ್ಯಪ್ ಏನು ಮಾಡುತ್ತದೆ ಎಂಬುದರ ಜೊತೆಗೆ, ಹೊಸ ಕಂಪ್ಯೂಟರಿನಲ್ಲಿ ಅದನ್ನು ಓಡಿಸುವ ಬಗೆಯನ್ನು ಆವೃತ್ತಿ ಸಂಖ್ಯೆಗಳ ಸಮೇತ ಬರೆಯಿರಿ. ಅದು ಸರಿಯಿದೆಯೇ ಎಂದು ತಿಳಿಯಲು ಈ ಕೋಡನ್ನು ಎಂದೂ ನೋಡದ ಗೆಳೆಯರೊಬ್ಬರನ್ನು ಕೂರಿಸಿ, ಅವರು ಪರದಾಡಿದರೂ ಬಾಯಿ ಬಿಡದೆ ನೋಡಿ. ಅವರು ನಿಮ್ಮನ್ನು ಕೇಳಲು ಹೊರಟ ಪ್ರಶ್ನೆಗಳೇ ರೀಡ್‌ಮಿಯಲ್ಲಿ ಬಿಟ್ಟುಹೋದ ಸಾಲುಗಳು. ಬದಲಾವಣೆ ಕಳುಹಿಸುವ ನಿಯಮಗಳನ್ನು ಕಾಂಟ್ರಿಬ್ಯೂಟಿಂಗ್ ಎಂಬ ಹೆಸರಿನ ಕಡತದಲ್ಲಿಟ್ಟರೆ, ಯಾರಾದರೂ ಇಶ್ಯೂ (ದೋಷ ಇಲ್ಲವೇ ಕೆಲಸದ ಟಿಪ್ಪಣಿ) ಅಥವಾ ಪುಲ್ ರಿಕ್ವೆಸ್ಟ್ ತೆರೆಯುವಾಗ ಗಿಟ್‌ಹಬ್ ತಾನೇ ಅದರ ಕೊಂಡಿಯನ್ನು ತೋರಿಸುತ್ತದೆ.

ಕರೆಯುವ ಮೊದಲು ಕೋಡಿನ ಇತಿಹಾಸವನ್ನೂ ಜಾಲಾಡಿ. ಪಾಸ್‌ವರ್ಡನ್ನೋ ಸರ್ವರಿನ ಕೀಯನ್ನೋ ಹಿಂದೊಮ್ಮೆ ಕಮಿಟ್ ಮಾಡಿ (ಇತಿಹಾಸಕ್ಕೆ ದಾಖಲಿಸಿ) ಆಮೇಲೆ ಅಳಿಸಿದ್ದರೂ ಬದಲಾವಣೆಗಳ ಲೆಕ್ಕವಿಡುವ ಗಿಟ್ ತಂತ್ರಾಂಶವು ಹಳೆಯ ಪ್ರತಿಯನ್ನು ಉಳಿಸಿಕೊಂಡೇ ಇರುತ್ತದೆ. ಅಂಥದ್ದು ಕಂಡರೆ ಇತಿಹಾಸ ತಿದ್ದುವ ಮೊದಲು ಆ ಕೀಯನ್ನೇ ರದ್ದುಮಾಡಿ. ಮಾದರಿಗೆಂದು ಇಟ್ಟ ಮಾಹಿತಿಯಲ್ಲಿ ನೆರೆಯ ತೋಟಗಳ ಹೆಸರು, ಸರ್ವೆ ನಂಬರು ಇದ್ದರೆ ತೆಗೆದು, ಕಲ್ಪಿತ ತೋಟವೊಂದರ ಲೆಕ್ಕವನ್ನು ಇಡಿ.

ಮೊದಲ ಬಾರಿಗೆ ಬರುವವರಿಗಾಗಿ ಒಂದು ಸಂಜೆಯಲ್ಲಿ ಮುಗಿಯುವಂಥ ನಾಲ್ಕಾರು ಕೆಲಸಗಳನ್ನು ಬೇರೆ ತೆಗೆದಿಟ್ಟು, ಯಾವ ಕಡತವನ್ನು ತಿದ್ದಬೇಕು, ಮುಗಿದಾಗ ಪರದೆಯ ಮೇಲೆ ಏನು ಕಾಣಬೇಕು ಎಂದು ಬರೆದು, ‘ಗುಡ್ ಫಸ್ಟ್ ಇಶ್ಯೂ’ ಎಂಬ ಗುರುತಿನ ಚೀಟಿ ಹಚ್ಚಿ. ಆದರೆ ಬಂದವರ ಸಂಖ್ಯೆಗೆ ಮರುಳಾಗಬೇಡಿ. ಮುಕ್ತ ಯೋಜನೆಗಳಿಗೆ ಕೈಜೋಡಿಸಲೆಂದು ಪ್ರತಿ ಅಕ್ಟೋಬರಿನಲ್ಲಿ ನಡೆಯುವ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ 2020ರಲ್ಲಿ ಬಹುಮಾನದ ಟೀ ಶರ್ಟಿನ ಆಸೆಗೆ ರೀಡ್‌ಮಿಗೆ ಒಂದೆರಡು ಪದ ಸೇರಿಸಿ ಕಳುಹಿಸಿದವರ ಕಾಟ ಎಷ್ಟಾಯಿತೆಂದರೆ, ಒಪ್ಪಿದ ಯೋಜನೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವಂತೆ ಸಂಘಟಕರು ನಿಯಮವನ್ನೇ ಬದಲಿಸಬೇಕಾಯಿತು. ನಿಜವಾಗಿ ದುಡಿಯುವವರು ದೂರವಾಗುವುದು ಬಹುತೇಕ ಉತ್ತರ ಬಾರದಿರುವುದರಿಂದ. ‘ನೋಡಿದೆ, ಭಾನುವಾರ ಓದುತ್ತೇನೆ’ ಎಂಬ ಒಂದು ಸಾಲೂ ಅವರನ್ನು ಹಿಡಿದಿಡುತ್ತದೆ. ಕಕ್ಕಡದ (ಜುಲೈ–ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆಯಲ್ಲಿ ದಿನಗಟ್ಟಲೆ ಕರೆಂಟ್ ಇರದ ಊರು ನಿಮ್ಮದಾದರೆ, ಆ ತಿಂಗಳು ಉತ್ತರ ತಡವಾಗುತ್ತದೆ ಎಂದು ಮೊದಲೇ ರೀಡ್‌ಮಿಯಲ್ಲಿ ಹಾಕಿಬಿಡಿ, ಮತ್ತು ನಂಬಿಕೆ ಬಂದ ಇನ್ನೊಬ್ಬರಿಗೆ ಬದಲಾವಣೆಗಳನ್ನು ಸೇರಿಸುವ ಅಧಿಕಾರ ಕೊಡಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಎರಡನೇ ವರ್ಷದ ವಿದ್ಯಾರ್ಥಿನಿ. ಇಂಥ ಯೋಜನೆಗಳಲ್ಲಿ ಕನ್ನಡದಲ್ಲಿ ಬರೆಯಬಹುದೇ? ಕೋಡ್ ಸರಿಯಾಗಿ ಬರದವರಿಗೆ ಅಲ್ಲಿ ಕೆಲಸ ಇದೆಯೇ?
— ಓದುಗರೊಬ್ಬರು, ಪೊನ್ನಂಪೇಟೆ

ಉತ್ತರ: ಯೋಜನೆ ನಡೆಸುವವರು ಒಪ್ಪಿದರೆ ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲ, ಮೇಲಿನ ಪತ್ರದವರು ಒಪ್ಪಬೇಕೆಂದು ನನ್ನ ಆಗ್ರಹ, ಏಕೆಂದರೆ ಅವರ ಆ್ಯಪಿನ ದೋಷಗಳನ್ನು ಮೊದಲು ಕಾಣುವವರು ಇಂಗ್ಲಿಷಿನಲ್ಲಿ ಇಶ್ಯೂ ಬರೆಯುವವರಲ್ಲ. ಕೋಡಿನೊಳಗಿನ ಹೆಸರುಗಳು ಮಾತ್ರ ಇಂಗ್ಲಿಷಿನಲ್ಲಿರಲಿ. ಕೋಡ್ ಬರದವರಿಗೂ ಕೆಲಸ ಬೇಕಾದಷ್ಟಿದೆ: ಪರದೆಯ ಮೇಲಿನ ಮಾತುಗಳನ್ನು ಸಹಜ ಕನ್ನಡಕ್ಕೆ ತರುವುದು, ಹಳೆಯ ಫೋನುಗಳಲ್ಲಿ ಒತ್ತಕ್ಷರಗಳು ಒಡೆಯುತ್ತವೆಯೇ ಎಂದು ನೋಡುವುದು, ದೋಷ ಕಂಡಾಗ ಯಾವ ಫೋನು, ಏನು ಒತ್ತಿದಿರಿ, ಏನು ಬರಬೇಕಿತ್ತು, ಏನು ಬಂತು ಎಂದು ವರದಿ ಮಾಡುವುದು. ಒಂದು ಪರದೆಯ ಚಿತ್ರವನ್ನೂ ಜೊತೆಗಿಡಿ.