ಹೆವಿ ಮೆಟಲ್ ಆಲ್ಬಂ ಒಂದನ್ನು ಪೂರ್ತಿ ಕೇಳಿ ಖುಷಿಪಡುವುದು ಹೇಗೆ?

ಎಲ್ಲರೂ ಹೊಗಳುವ ಮೆಟಲ್ ಆಲ್ಬಂ ಹಾಕಿದರೂ ಮೂರನೇ ಹಾಡಿನ ಹೊತ್ತಿಗೆ ಎಲ್ಲ ಒಂದೇ ಥರ ಅನ್ನಿಸುತ್ತೆ, ಪೂರ್ತಿ ಕೇಳೋರು ಹೇಗೆ ಕೇಳ್ತಾರೆ ಅಂತ ಕೇಳಿದ್ದೀರಿ. ಅದು ಯಾವ ಆಲ್ಬಂ ಅನ್ನೋದರ ಮೇಲೆ ನಿಂತಿದೆ. ಕೆಲವು ಆಲ್ಬಂಗಳಲ್ಲಿ ಹಾಡುಗಳು ಒಳ್ಳೆಯವೇ, ಆದರೆ ಯಾವುದು ಮೊದಲು ಬಂದರೂ ನಡೆಯುತ್ತೆ. ಇನ್ನು ಕೆಲವಕ್ಕೆ ಹಾಡುಗಳ ಸರದಿಯೇ ಜೀವ. ಅಂಥದ್ದರಿಂದ ಶುರುಮಾಡಿ.

ನಾನು ಹೇಳೋದು ಬ್ರಿಟನ್ನಿನ ಹೆವಿ ಮೆಟಲ್ ತಂಡ ಐರನ್ ಮೇಡನ್‌ನ 'ಸೆವೆಂತ್ ಸನ್ ಆಫ್ ಎ ಸೆವೆಂತ್ ಸನ್'. 1988ರ ಏಪ್ರಿಲ್‌ನಲ್ಲಿ ಬಂದದ್ದು, ಅವರ ಏಳನೇ ಸ್ಟುಡಿಯೋ ಆಲ್ಬಂ. ಎಂಟೇ ಹಾಡು, ಸುಮಾರು 44 ನಿಮಿಷ. ಏಳನೇ ಮಗನಿಗೆ ಹುಟ್ಟಿದ ಏಳನೇ ಮಗನಿಗೆ ಮುಂದಾಗುವುದು ಕಾಣುತ್ತದೆ ಅನ್ನೋ ಹಳೆಯ ನಂಬಿಕೆಯ ಸುತ್ತ ಹೆಣೆದ ಹಾಡುಗಳು. ಕಥೆ ಅಲ್ಲಲ್ಲಿ ಸಡಿಲ, ಅದನ್ನು ಒಪ್ಪಲೇಬೇಕು. ಆದರೆ ಒಂದು ಹಾಡಿನ ಮನಸ್ಥಿತಿ ಇನ್ನೊಂದಕ್ಕೆ ದಾಟುವ ರೀತಿ ಮಾತ್ರ ಅದ್ಭುತ.

ಮೊದಲ ಹಾಡು 'ಮೂನ್‌ಚೈಲ್ಡ್' ಅಬ್ಬರದಿಂದ ಶುರುವಾಗಲ್ಲ. ಬರೀ ಒಂದು ಅಕೌಸ್ಟಿಕ್ ಗಿಟಾರ್, ಜೊತೆಗೆ ಗಾಯಕ ಬ್ರೂಸ್ ಡಿಕಿನ್ಸನ್‌ನ ಕೆಲವೇ ಸಾಲು. ಆಮೇಲೆ ಕೀಬೋರ್ಡ್ ಮೆಲ್ಲಗೆ ಏರುತ್ತೆ. ಮೇಡನ್ ಆಲ್ಬಂನಲ್ಲಿ ಕೀಬೋರ್ಡ್ ಬಂದದ್ದು ಇದೇ ಮೊದಲು. ಆ ಅಕೌಸ್ಟಿಕ್ ಸಾಲುಗಳನ್ನು ನೆನಪಿಟ್ಟುಕೊಳ್ಳಿ: ಎಂಟನೇ ಹಾಡು ಮುಗಿಯುವಾಗ ಅವೇ ತಿರುಗಿ ಬರುತ್ತವೆ. ಬಿಡಿಯಾಗಿ ಕೇಳಿದರೆ ಅವು ಒಂದು ಚಿಕ್ಕ ತುಣುಕು ಅಷ್ಟೆ. ನಡುವಿನ ಹಾಡುಗಳನ್ನೆಲ್ಲ ದಾಟಿ ಬಂದ ಮೇಲೆ ಕೇಳಿದಾಗ ಮೈ ಜುಮ್ಮೆನ್ನುತ್ತೆ.

'ಕ್ಯಾನ್ ಐ ಪ್ಲೇ ವಿತ್ ಮ್ಯಾಡ್ನೆಸ್' ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ ಬಂದು, ಹಿಟ್ ಆಗಿತ್ತು. ಪ್ಲೇಲಿಸ್ಟ್‌ನಲ್ಲಿ ಬಂದರೆ ಹಗುರ ಅನ್ನಿಸಬಹುದು. ಆದರೆ ಆಲ್ಬಂನಲ್ಲಿ ಅದಕ್ಕೂ ಮುಂಚೆ 'ಇನ್ಫಿನಿಟ್ ಡ್ರೀಮ್ಸ್' ಇದೆ. ಕನಸುಗಳಿಗೆ ಹೆದರಿ ನಿದ್ದೆಗೆಟ್ಟವನ ಹಾಡು ಅದು, ನಿಧಾನಕ್ಕೆ ಬಿಗಿಯಾಗುತ್ತಾ ಹೋಗುತ್ತೆ. ಅಷ್ಟು ಹೊತ್ತು ಆ ಒತ್ತಡದಲ್ಲಿ ಕೂತ ಮೇಲೆ 'ಮ್ಯಾಡ್ನೆಸ್'ನ ಕೋರಸ್ ಬಂದಾಗ ಉಸಿರು ಬಿಟ್ಟ ಹಾಗಾಗುತ್ತೆ. ಅದೇ ಹಾಡು, ಜಾಗ ಮಾತ್ರ ಬೇರೆ.

ನೀವು ಬಿಟ್ಟು ಏಳುವ ಸಾಧ್ಯತೆ ಇರೋದು ಐದನೇ ಹಾಡಿನಲ್ಲಿ, ಆಲ್ಬಂನ ಹೆಸರೇ ಇರುವ ಹಾಡು. ಹತ್ತು ನಿಮಿಷದ ಹತ್ತಿರ ಹೋಗುತ್ತೆ. ನಾಲ್ಕು ನಿಮಿಷ ಕಳೆದ ಮೇಲೆ ಎಲ್ಲ ತಣ್ಣಗಾಗಿ, ಡ್ರಮ್ಮರ್ ನಿಕೋ ಮೆಕ್‌ಬ್ರೇನ್ ಸಿಂಬಲ್ ತಟ್ಟೆಯ ಮೇಲೆ ಸಣ್ಣಗೆ ತಟ್ಟುತ್ತಾ ಇರ್ತಾನೆ, ಮೇಲೊಂದು ಮಾತಿನ ದನಿ. ಏನೂ ಆಗ್ತಿಲ್ಲ ಅನ್ನಿಸುತ್ತೆ. ದಯವಿಟ್ಟು ಮುಂದಕ್ಕೆ ಓಡಿಸಬೇಡಿ. ಆಮೇಲೆ ಗಿಟಾರ್‌ಗಳು ಸ್ಫೋಟಿಸುವುದಕ್ಕೆ ಬಲ ಬರೋದು ಆ ಕಾಯುವಿಕೆಯಿಂದಲೇ.

'ದಿ ಪ್ರಾಫೆಸಿ' ನನಗೆ ಉಳಿದವಷ್ಟು ಹಿಡಿಸಲ್ಲ. ಆದರೂ ಅದರ ಕೊನೆಯ ಅಕೌಸ್ಟಿಕ್ ಭಾಗದ ಬೆನ್ನಿಗೇ ಸ್ಟೀವ್ ಹ್ಯಾರಿಸ್‌ನ ಬೇಸ್ ಗಿಟಾರ್‌ನಿಂದ 'ದಿ ಕ್ಲೇರ್‌ವಾಯಂಟ್' ತೆರೆದುಕೊಳ್ಳುತ್ತಲ್ವಾ, ಅದಕ್ಕಾಗಿ ಅದೂ ಬೇಕು. ಬ್ರಿಟನ್ನಿನಲ್ಲಿ ಹೆಸರು ಮಾಡಿದ್ದ ಡೋರಿಸ್ ಸ್ಟೋಕ್ಸ್ ಅನ್ನೋ ಮಹಿಳೆ, ಸತ್ತವರ ಜೊತೆ ಮಾತಾಡ್ತೀನಿ ಅನ್ನುತ್ತಿದ್ದವರು, 1987ರಲ್ಲಿ ತೀರಿಕೊಂಡರು. ಅವರಿಗೆ ತಮ್ಮ ಸಾವು ಮೊದಲೇ ಕಂಡಿತ್ತಾ ಅನ್ನೋ ಪ್ರಶ್ನೆಯಿಂದ ಹ್ಯಾರಿಸ್ ಈ ಹಾಡು ಬರೆದದ್ದು.

ಹಾಡುಗಳ ಸರದಿ ಕಲಸುವ ಶಫಲ್ ಆಫ್ ಮಾಡಿ. ಹೆಡ್‌ಫೋನ್ ಇದ್ದರೆ ಒಳ್ಳೇದು, ಬೇಸ್ ಬಿಡಿಸಿ ಕೇಳುತ್ತೆ. ಮೊದಲ ಸಲ ಸಾಹಿತ್ಯ ಓದಬೇಡಿ, ಸುಮ್ನೆ ಕೇಳಿ. ಎರಡನೇ ಸಲಕ್ಕೆ ಸಾಲುಗಳನ್ನು ಎದುರಿಗಿಟ್ಟುಕೊಳ್ಳಿ. ಇದು ಹಿಡಿಸಿದರೆ ಮುಂದೆ ಕ್ವೀನ್ಸ್‌ರೈಕ್ ತಂಡದ 'ಆಪರೇಷನ್: ಮೈಂಡ್‌ಕ್ರೈಮ್' ಹಾಕಿ. ಅದೂ 1988ರದ್ದೇ, ಕಥೆ ಇದಕ್ಕಿಂತ ಜಾಸ್ತಿ ಬಿಗಿ.