ಆಪರೇಷನ್ ಆಯ್ತು, ಫೈಲ್ ಎಲ್ಲಿ?

ದಾವಣಗೆರೆಯ ಓದುಗರೊಬ್ಬರ ಪತ್ರ: ‘ನನಗೀಗ 29. ನಾಲ್ಕು ವರ್ಷದವಳಿದ್ದಾಗ ಟೆಟ್ರಾಲಜಿ ಆಫ್ ಫ್ಯಾಲೋ ಅಂತ ಹಾರ್ಟ್ ಆಪರೇಷನ್ ಆಗಿತ್ತು. ದೊಡ್ಡವಳಾದ ಮೇಲೆ ಚೆಕಪ್ ಬಿಟ್ಟುಹೋಯಿತು. ಈಗ ಮೆಟ್ಟಿಲು ಹತ್ತಿದರೆ ಎದೆ ಡವಡವ ಅನ್ನುತ್ತದೆ. ವಾಸಿಯಾಗಿದ್ದನ್ನು ಕೆದಕಬೇಡ, ಗಂಡಿನ ಕಡೆಯವರಿಗೆ ಗೊತ್ತಾದರೆ ಕಷ್ಟ ಅಂತಾರೆ ಅಪ್ಪ ಅಮ್ಮ. ಏನು ಮಾಡಲಿ?’

ತಂಗಿ, ಈ ವಾರವೇ ಹೃದಯದ ಡಾಕ್ಟರನ್ನು ನೋಡಿ. ತಲೆ ಸುತ್ತಿ ಬಿದ್ದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಿ.

ತುಟಿ ನೀಲಿಗಟ್ಟಿದ ಮಗುವನ್ನು ಆಪರೇಷನ್ನಿಗೆ ಒಪ್ಪಿಸಿ ಹೊರಗೆ ಕೂತವರ ಭಯ ದೊಡ್ಡದೇ. ಆದರೆ ಅವರ ಸಲಹೆ ತಪ್ಪು.

ಟೆಟ್ರಾಲಜಿ ಆಫ್ ಫ್ಯಾಲೋ ಹುಟ್ಟಿನಿಂದ ಬರುವ ಕಾಯಿಲೆ. ಇದರಲ್ಲಿ ಹೃದಯದ ಕೆಳಕೋಣೆಗಳ ನಡುವೆ ತೂತಿರುತ್ತದೆ, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಕಿರಿದಾಗಿರುತ್ತದೆ. ಸರ್ಜನ್ ತೂತು ಮುಚ್ಚಿ ದಾರಿ ಅಗಲ ಮಾಡುತ್ತಾರೆ. ಹಾಗೆ ಅಗಲ ಮಾಡಿದ ಕಡೆ ಕವಾಟ ಎಷ್ಟೋ ಸಲ ಸೋರುತ್ತದೆ. ವಾಪಸ್ ಬಂದ ರಕ್ತ ಬಲಗಡೆಯ ಕೆಳಕೋಣೆಯನ್ನು ವರ್ಷಗಟ್ಟಲೆ ಹಿಗ್ಗಿಸುತ್ತದೆ. ನೋವಿರುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಸುಮ್ನೆ ಇದ್ದು, ಆಮೇಲೆ ಬಡಿತದ ಲಯ ತಪ್ಪಬಹುದು. ಎಕೋ, ಇಸಿಜಿ, ಬೇಕಿದ್ದರೆ ಎಂಆರ್‌ಐ ಮಾಡಿಸಿದರೆ ತಿಳಿಯುತ್ತದೆ. ಅಗತ್ಯವಿದ್ದರೆ ಹೊಸ ಕವಾಟ ಹಾಕುತ್ತಾರೆ, ಕೆಲವರಿಗೆ ಎದೆ ತೆರೆಯದೆ ತೊಡೆಯ ರಕ್ತನಾಳದಿಂದಲೇ.

ಅಮೆರಿಕದ ಬಾಲ್ಟಿಮೋರಿನಲ್ಲಿ 1944ರಲ್ಲಿ ಮಕ್ಕಳ ಹೃದಯದ ಡಾಕ್ಟರ್ ಹೆಲೆನ್ ಟೌಸಿಗ್, ಸರ್ಜನ್ ಬ್ಲೇಲಾಕ್, ಅವರ ಸಹಾಯಕ ವಿವಿಯನ್ ಥಾಮಸ್ ಸೇರಿ ಒಂದು ಆಪರೇಷನ್ನಿನಿಂದ ಇಂಥ ನೀಲಿ ಮಕ್ಕಳಿಗೆ ಉಸಿರು ಕೊಟ್ಟರು. 1954ರಲ್ಲಿ ಮಿನ್ನೆಸೋಟಾದ ಸರ್ಜನ್ ಲಿಲ್ಲೆಹೈ ಪೂರ್ತಿ ರಿಪೇರಿ ಮಾಡಿದರು. ಮಕ್ಕಳು ಬೆಳೆದರು. ಮಕ್ಕಳ ಡಾಕ್ಟರಿಗೆ ಅವರು ದೊಡ್ಡವರು, ದೊಡ್ಡವರ ಡಾಕ್ಟರಿಗೆ ಅವರ ಹೃದಯ ಹೊಸದು. ಲಂಡನ್ನಿನ ಹೃದಯದ ಡಾಕ್ಟರ್ ಜೇನ್ ಸಾಮರ್ವಿಲ್ 1970ರ ದಶಕದಲ್ಲಿ ಅವರಿಗೆಂದೇ ವಾರ್ಡ್ ಮಾಡಿಸಿದರು. ಈ ಹೆಂಗಸಿನ ಮೇಲೆ ನನಗೆ ಬಹಳ ಗೌರವ.

ನಮ್ಮಲ್ಲಿ? ಜಾತಕ, ಒಡವೆಯ ಬಿಲ್ಲು ಬೀರುವಿನಲ್ಲಿ ಭದ್ರ. ಡಿಸ್ಚಾರ್ಜ್ ಸಮ್ಮರಿ ಮಾತ್ರ ಮನೆ ಬದಲಿಸುವಾಗ ರದ್ದಿಗೆ. ನನಗೆ ಗೊತ್ತಿರುವ ಹೆಣ್ಣುಮಗಳೊಬ್ಬಳ ಎದೆಯ ಗೆರೆಯನ್ನು ಸುಟ್ಟ ಗಾಯ ಅಂತ ಹೇಳಿ ಮದುವೆ ಮಾಡಿದರು. ಬಸುರಿಯಲ್ಲಿ ರಕ್ತ ಜಾಸ್ತಿಯಾಗಿ ಹೃದಯದ ಮೇಲೆ ಹೊರೆ ಬೀಳುತ್ತದೆ. ಏಳನೇ ತಿಂಗಳಲ್ಲಿ ಏದುಸಿರು ಬಿಡುತ್ತಾ ಆಸ್ಪತ್ರೆ ಸೇರಿದಾಗಲೂ ಜೊತೆಗಿದ್ದವರಿಗೆ ಏನೂ ಗೊತ್ತಿರಲಿಲ್ಲ. ಹೆಣ್ಣಿನ ಕಾಯಿಲೆಯನ್ನು ಕಳಂಕದಂತೆ ಬಚ್ಚಿಡುವ ಈ ಪದ್ಧತಿ ಕಂಡರೆ ನನಗೆ ಸಿಟ್ಟು ಬರುತ್ತದೆ. ಗಂಡಿನವರಿಗೆ ನೀವೇ ಹೇಳಿ. ಹಿಂದೆ ಸರಿದರೆ ಸರಿಯಲಿ.

ಇಷ್ಟು ವರ್ಷ ಚೆಕಪ್ ಇಲ್ಲದೆ ಕಳೆದಿದ್ದಕ್ಕೆ ನಿಮ್ಮನ್ನೂ ಸ್ವಲ್ಪ ಬೈಯಲೇಬೇಕು. ಹುಟ್ಟಿನಿಂದ ಬಂದ ಹೃದಯದ ತೊಂದರೆಯಿರುವ ದೊಡ್ಡವರನ್ನು ನೋಡುವ ಡಾಕ್ಟರು ಎಲ್ಲಿದ್ದಾರೆ ಅಂತ ಕೇಳಿ. ಹಲ್ಲು ಕೀಳಿಸುವ ಮುಂಚೆ ದಂತವೈದ್ಯರಿಗೂ ವಿಷಯ ತಿಳಿಸಿ. ಹಳೇ ಆಸ್ಪತ್ರೆಗೆ ಬರೆದು ಆಪರೇಷನ್ ನೋಟ್ಸ್ ತರಿಸಿ. ಸಿಗದಿದ್ದರೂ ಕಾಯಬೇಡಿ, ಯಾವ ವಯಸ್ಸಿನಲ್ಲಿ ಆಯಿತು ಅಂತ ಹೇಳಿದರೆ ಸಾಕು, ಎಕೋದಿಂದ ಅವರು ಶುರು ಮಾಡುತ್ತಾರೆ.