ಹಳೆಯ ಟ್ರ್ಯಾಕ್ಟರ್ ಗರಗಸ: ಓಡಿಸಬಹುದೇ, ಗುಜರಿಗೆ ಹಾಕಬೇಕೇ?

ಪ್ರಶ್ನೆ: ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಾವೊಂದು ಹಳೆಯ ಡೈರಿ ಫಾರ್ಮ್ ಕೊಂಡಿದ್ದೇವೆ. ಕೊಟ್ಟಿಗೆಯಲ್ಲಿ ಓಡುವ ಸ್ಥಿತಿಯಲ್ಲಿರುವ ಫಾರ್ಮಾಲ್ ಎಚ್ ಟ್ರ್ಯಾಕ್ಟರ್ ಮತ್ತು ಬೆಲ್ಟಿನಿಂದ ತಿರುಗುವ 30 ಇಂಚಿನ ದುಂಡು ಗರಗಸ ಸಿಕ್ಕಿವೆ. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವುದು ಸೌದೆ ಒಲೆಯೇ. ಈ ಗರಗಸ ಬಳಸಬಹುದೇ? ಫೋಟೊ ನೋಡಿದ ನಮ್ಮ ಅಣ್ಣ ಊರಿನಿಂದ ಫೋನ್ ಮಾಡಿ, ‘ಮೊದಲು ಅದನ್ನು ಗುಜರಿಗೆ ಹಾಕು’ ಎನ್ನುತ್ತಿದ್ದಾರೆ.

ಉತ್ತರ: ಅಣ್ಣನ ಮಾತಿನಲ್ಲಿ ಅರ್ಧ ಸತ್ಯವಿದೆ. ಗುಜರಿಗೆ ಹಾಕಬೇಕೋ ಬೇಡವೋ ಎಂಬುದು ಬ್ಲೇಡನ್ನು ಕಳಚಿ ನೋಡಿದ ಮೇಲೆ ತಿಳಿಯುತ್ತದೆ. ಅದಕ್ಕೆ ಮೊದಲು ಟ್ರ್ಯಾಕ್ಟರ್ ಚಾಲೂ ಮಾಡಲೇಬೇಡಿ.

ಬ್ಲೇಡನ್ನು ಸೀಮೆಎಣ್ಣೆ ಹಾಕಿ ಉಜ್ಜಿ ತುಕ್ಕು, ಅಂಟು ತೆಗೆಯಿರಿ. ನಡುವಿನ ತೂತಿಗೆ ಹಗ್ಗ ಪೋಣಿಸಿ ತೂಗುಹಾಕಿ, ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ನಾದ ಉದ್ದಕ್ಕೆ ನಿಂತರೆ ಒಳ್ಳೆಯ ಲಕ್ಷಣ. ‘ದಬ್’ ಎಂದು ಸತ್ತ ಸದ್ದು ಬಂದರೆ ಎಲ್ಲೋ ಬಿರುಕಿದೆ. ನಾದ ಚೆನ್ನಾಗಿದ್ದರೂ ಅಲ್ಲಿಗೇ ಬಿಡಬೇಡಿ. ಪ್ರತಿ ಹಲ್ಲಿನ ಬುಡದ ತಗ್ಗನ್ನು ಭೂತಗನ್ನಡಿ ಹಿಡಿದು ನೋಡಿ. ಬಿರುಕು ಹುಟ್ಟುವುದೇ ಅಲ್ಲಿ, ಮೊದಮೊದಲು ಕೂದಲೆಳೆಯಷ್ಟೇ ಇರುತ್ತದೆ. ಒಂದೇ ಒಂದು ಕಂಡರೂ ಆ ಬ್ಲೇಡಿನ ಕಥೆ ಮುಗಿಯಿತು. ವೆಲ್ಡಿಂಗ್ ಮಾಡಿಕೊಡುತ್ತೇನೆ ಎನ್ನುವವರು ನಿಮ್ಮ ಅಕ್ಕಪಕ್ಕದಲ್ಲಿ ಖಂಡಿತ ಇರುತ್ತಾರೆ, ಕೇಳಬೇಡಿ. ಗೋಡೆಗೆ ತೂಗುಹಾಕಿ, ಹೊಸದನ್ನು ತನ್ನಿ.

ಎರಡನೆಯದು ವೇಗ. ಕಟ್ಟಿಗೆ ಕತ್ತರಿಸುವ ದುಂಡು ಗರಗಸದ ಹಲ್ಲು ನಿಮಿಷಕ್ಕೆ ಸುಮಾರು 10,000 ಅಡಿ ಓಡಬೇಕು. 30 ಇಂಚಿನ ಬ್ಲೇಡಿಗೆ ಇದು ನಿಮಿಷಕ್ಕೆ 1,250 ಸುತ್ತಿನ ಆಸುಪಾಸು. ನಿಮ್ಮ ಫಾರ್ಮಾಲ್ ಎಚ್ 1939ರಿಂದ 1953ರವರೆಗೆ ತಯಾರಾದ ಮಾದರಿ. ಅದರ ಬೆಲ್ಟ್ ಪುಲ್ಲಿಯ ವ್ಯಾಸ 9¾ ಇಂಚು, ಪೂರ್ಣ ವೇಗದಲ್ಲಿ ಅದು ನಿಮಿಷಕ್ಕೆ ಸುಮಾರು 1,020 ಸುತ್ತು ತಿರುಗುತ್ತದೆ. ಈಗ ಗರಗಸದ ಪುಲ್ಲಿಯನ್ನು ಅಳೆಯಿರಿ. 8 ಇಂಚು ಇದ್ದರೆ ಬ್ಲೇಡ್ 1,240 ಸುತ್ತಿಗೆ ಬಂದು ನಿಲ್ಲುತ್ತದೆ, ಲೆಕ್ಕ ಸರಿಹೋಯಿತು. ಆದರೆ ಟ್ರ್ಯಾಕ್ಟರಿಗಿಂತ ಮೊದಲು ಇಂಥ ಗರಗಸಗಳನ್ನು ಒಂದೇ ಸಿಲಿಂಡರಿನ, ನಿಧಾನವಾಗಿ ತಿರುಗುವ ಎಂಜಿನ್‌ಗಳಿಗೆ ಕಟ್ಟುತ್ತಿದ್ದರು. ಆಗ ಹಾಕಿದ ಚಿಕ್ಕ ಪುಲ್ಲಿ ಹಾಗೆಯೇ ಉಳಿದಿರುವುದುಂಟು. ಅದು 5 ಇಂಚಿನದಾದರೆ ನಿಮ್ಮ ಬ್ಲೇಡ್ 2,000 ಸುತ್ತಿನ ಹತ್ತಿರ ಹೋಗುತ್ತದೆ, ಹಲ್ಲು ನಿಮಿಷಕ್ಕೆ 15,600 ಅಡಿ ಓಡುತ್ತದೆ. ಹಳೆಯ ಬ್ಲೇಡ್ ಅದನ್ನು ತಡೆಯುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಥ್ರಾಟಲ್ ಕಡಿಮೆ ಇಟ್ಟು ಓಡಿಸಿದರಾಯಿತು ಎಂದುಕೊಳ್ಳಬೇಡಿ. ದೊಡ್ಡ ಪುಲ್ಲಿಯನ್ನೇ ಹಾಕಿಸಿ.

ಬೇರಿಂಗ್ ಹಳೆಯ ಬಿಳಿಲೋಹದ್ದಾಗಿರಬಹುದು, ಅಂದರೆ ಶಾಫ್ಟಿನ ಸುತ್ತ ಎರಕ ಹೊಯ್ದ ಮೆತ್ತನೆಯ ಮಿಶ್ರಲೋಹದ್ದು. ಶಾಫ್ಟಿನ ತುದಿ ಹಿಡಿದು ಮೇಲಕ್ಕೆತ್ತಿ. ಲಟಲಟ ಎಂದರೆ ಮುಚ್ಚಳದ ಕೆಳಗಿನ ತೆಳು ತಗಡುಗಳನ್ನು ತೆಗೆದು ಬಿಗಿ ಮಾಡಬಹುದು. ಎಣ್ಣೆ ಬಟ್ಟಲು ತುಂಬಿ, ಕಟ್ಟಿಗೆಯಿಲ್ಲದೆ ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿದ ಮೇಲೆ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಬೇರಿಂಗ್ ಹೊಸದಾಗಿ ಎರಕ ಹೊಯ್ಯಿಸಬೇಕು.

ಬ್ಲೇಡಿನ ಹಲ್ಲು ನಿಮ್ಮೆದುರಿನ ಅಂಚಿನಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯಬೇಕು. ಆಗ ಕಟ್ಟಿಗೆ ಮೇಜಿಗೆ ಒತ್ತಿಕೊಳ್ಳುತ್ತದೆ. ಉಲ್ಟಾ ತಿರುಗುತ್ತಿದ್ದರೆ ಬೆಲ್ಟನ್ನು ನಡುವೆ ಒಮ್ಮೆ ತಿರುಚಿ ಅಡ್ಡ ಹಾಕಿ. ಬ್ಲೇಡನ್ನು ಹಿಡಿದಿರುವ ನಟ್ ಈ ದಿಕ್ಕಿನಲ್ಲಿ ಬಿಗಿಯಾಗುತ್ತದೆಯೋ ಸಡಿಲವಾಗುತ್ತದೆಯೋ ಎಂಬುದನ್ನು ಮಾತ್ರ ಮರೆಯದೆ ನೋಡಿ.

ಇಷ್ಟೆಲ್ಲ ದಾಟಿದರೆ ನಿಮ್ಮ ಕೈಗೆ ಒಳ್ಳೆಯ ಯಂತ್ರವೇ ಬಂದಿದೆ. ದಪ್ಪ ದಿಮ್ಮಿಗೆ ಚೈನ್ ಸಾ ಇರಲಿ. ಈ ಗರಗಸ ಹೇಗೂ 11 ಇಂಚಿಗಿಂತ ದಪ್ಪದ್ದನ್ನು ಒಂದೇ ಸಲಕ್ಕೆ ಕತ್ತರಿಸಲಾರದು. ಆದರೆ ಮೂರು ನಾಲ್ಕು ಇಂಚಿನ ಕೊಂಬೆ, ಸಾಮಿಲ್ಲಿನ ಹೊರಪಟ್ಟಿ, ಹಳೆಯ ಗಳ, ಇವನ್ನೆಲ್ಲ ನೆಲದ ಮೇಲಿಟ್ಟು ಚೈನ್ ಸಾ ಹಿಡಿದು ಬಗ್ಗುವುದಕ್ಕಿಂತ ಇದು ಎಷ್ಟೋ ಮೇಲು. ಚಳಿಗಾಲದಲ್ಲಿ ನಿಮ್ಮ ಪ್ರಾಂತ್ಯದ ರೈತರು ಒಂದು ಗರಗಸವನ್ನು ಮನೆಯಿಂದ ಮನೆಗೆ ಒಯ್ದು, ಮುಯ್ಯಾಳಿನ ಲೆಕ್ಕದಲ್ಲಿ ಎಲ್ಲರ ಕಟ್ಟಿಗೆಯನ್ನೂ ಕತ್ತರಿಸಿಕೊಳ್ಳುತ್ತಿದ್ದರು. ಒಬ್ಬರೇ ಮಾಡುವ ಕೆಲಸ ಇದಲ್ಲ ಎಂಬುದು ಅವರಿಗೆ ಗೊತ್ತಿತ್ತು. ನೀವೂ ಜೊತೆಗೆ ಒಬ್ಬರನ್ನು ಇಟ್ಟುಕೊಳ್ಳಿ. ಕತ್ತರಿಸಿ ಬಿದ್ದ ತುಂಡನ್ನು ತೆಗೆಯುವವರು ಬ್ಲೇಡಿನ ನೇರಕ್ಕೆ ನಿಲ್ಲಬಾರದು, ಬ್ಲೇಡಿನ ಮೇಲಿಂದ ಕೈ ಚಾಚಬಾರದು.

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ ನಾನು. ಅಡಿಕೆ ಬೇಯಿಸಲು, ಬಚ್ಚಲೊಲೆಗೆ ಕಟ್ಟಿಗೆ ಬೇಕು. ನಮ್ಮ ಪೇಟೆಯ ವರ್ಕ್‌ಶಾಪಿನವರು 24 ಇಂಚಿನ ಬ್ಲೇಡನ್ನು ಟ್ರ್ಯಾಕ್ಟರಿನ ಪಿಟಿಒಗೆ (ಬೇರೆ ಯಂತ್ರ ಓಡಿಸಲು ಟ್ರ್ಯಾಕ್ಟರಿನ ಹಿಂದೆ ತಿರುಗುವ ಶಾಫ್ಟ್) ನೇರವಾಗಿ ಜೋಡಿಸಿ ಕೊಡುತ್ತಾರಂತೆ. ‘ನಿಧಾನವಾಗಿ ತಿರುಗುತ್ತದೆ, ಅಪಾಯವಿಲ್ಲ’ ಎನ್ನುತ್ತಾರೆ.

ಉತ್ತರ: ದಯವಿಟ್ಟು ಬೇಡ. ನಿಧಾನವಾದರೆ ಅಪಾಯವಿಲ್ಲ ಎಂಬುದು ಗರಗಸದ ವಿಷಯದಲ್ಲಿ ತಲೆಕೆಳಗಾದ ಮಾತು. ಪಿಟಿಒ ತಿರುಗುವುದು ನಿಮಿಷಕ್ಕೆ 540 ಸುತ್ತು. 24 ಇಂಚಿನ ಬ್ಲೇಡಿಗೆ ಬೇಕಾದದ್ದು 1,500ಕ್ಕೂ ಮೇಲೆ. ವೇಗ ಮೂರನೇ ಒಂದಕ್ಕೆ ಇಳಿದರೆ ಪ್ರತಿ ಹಲ್ಲೂ ಮರವನ್ನು ಕತ್ತರಿಸುವ ಬದಲು ಕಚ್ಚಿ ಎಳೆಯುತ್ತದೆ. ಟ್ರ್ಯಾಕ್ಟರಿನ ಶಕ್ತಿಯೇನೂ ಕಡಿಮೆಯಲ್ಲವಲ್ಲ, ಬ್ಲೇಡ್ ನಿಲ್ಲುವುದಿಲ್ಲ. ಕೊಂಬೆ ಉರುಳುತ್ತದೆ, ಅದನ್ನು ಹಿಡಿದ ಕೈಯೂ ಅದರ ಜೊತೆಗೇ ಹೋಗುತ್ತದೆ.

ಮಾಡಿಸುವುದೇ ಆದರೆ ಪಿಟಿಒದಿಂದ ಒಂದು ಶಾಫ್ಟಿಗೆ, ಅಲ್ಲಿಂದ ವಿ-ಬೆಲ್ಟಿನ ಮೂಲಕ ಬ್ಲೇಡಿನ ಶಾಫ್ಟಿಗೆ ವೇಗ ಏರುವಂತೆ ಮಾಡಿಸಿ. ದೊಡ್ಡ ಪುಲ್ಲಿ ಚಿಕ್ಕ ಪುಲ್ಲಿಯ ಮೂರು ಪಟ್ಟಿಗೆ ಸ್ವಲ್ಪ ಕಡಿಮೆ ಇದ್ದರೆ ಸಾಕು. ಕಟ್ಟಿಗೆಯನ್ನು ಕೈಯಿಂದ ಬ್ಲೇಡಿಗೆ ನೂಕುವಂತಿರಬಾರದು: ಕೆಳಗೆ ತಿರುಗಣೆ ಇರುವ ತೂಗುಮೇಜು ಬೇಕು, ಮೇಜೇ ಕಟ್ಟಿಗೆಯನ್ನು ಹೊತ್ತು ಮುಂದೆ ಹೋಗಬೇಕು, ಕೈ ಬಿಟ್ಟರೆ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತರಬೇಕು. ಬ್ಲೇಡಿನ ಮೇಲ್ಭಾಗಕ್ಕೂ ಹಿಂಭಾಗಕ್ಕೂ ದಪ್ಪ ತಗಡಿನ ಕವಚ ಇರಲಿ.

ನನಗೆ ಬ್ಲೇಡಿಗಿಂತ ಹೆಚ್ಚು ಭಯ ಪಿಟಿಒ ಶಾಫ್ಟಿನದು. ಸೆಕೆಂಡಿಗೆ ಒಂಬತ್ತು ಸುತ್ತು. ಹೆಗಲ ಮೇಲಿನ ಟವೆಲಿನ ತುದಿ, ಮೇಲೆತ್ತಿ ಕಟ್ಟಿದ ಲುಂಗಿ, ಸೆರಗು, ಯಾವುದು ಸಿಕ್ಕರೂ ಕೂಗಿಕೊಳ್ಳುವಷ್ಟು ಹೊತ್ತೂ ಇರುವುದಿಲ್ಲ. ಆ ಶಾಫ್ಟಿನ ಪ್ಲಾಸ್ಟಿಕ್ ಕವಚವನ್ನು ‘ಗ್ರೀಸ್ ಹಾಕಲು ಅಡ್ಡ’ ಎಂದು ಕಿತ್ತು ಎಸೆದವರೇ ನಮ್ಮಲ್ಲಿ ಹೆಚ್ಚು. ಕ್ಲಚ್ ಒತ್ತಿದರೆ ಎಲ್ಲವೂ ನಿಂತಂತೆ ಎಂದೂ ತಿಳಿಯಬೇಡಿ, ಭಾರದ ಬ್ಲೇಡ್ ತನ್ನ ಪಾಡಿಗೆ ಇನ್ನಷ್ಟು ಹೊತ್ತು ತಿರುಗುತ್ತಲೇ ಇರುತ್ತದೆ.

ಅಡಿಕೆ, ತೆಂಗಿನ ಕಾಂಡವನ್ನು ಕೊನೆಗೆ ಇಟ್ಟುಕೊಳ್ಳಿ, ಅವು ಹಲ್ಲನ್ನು ಬೇಗ ಮೊಂಡು ಮಾಡುತ್ತವೆ. ಬೇಲಿಯ ಗೂಟಗಳಲ್ಲಿ ಮೊಳೆ, ತಂತಿ ಉಳಿದಿವೆಯೇ ನೋಡಿ. ಮರ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಗರಗಸ ಕೂರಿಸುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಪರವಾನಗಿಯ ವಿಚಾರ ಕೇಳಿಬಿಡಿ. ಊರಿನವರ ಕಟ್ಟಿಗೆಯನ್ನೂ ಬಾಡಿಗೆಗೆ ಕತ್ತರಿಸುವ ಯೋಚನೆ ಇದ್ದರಂತೂ ಕೇಳಲೇಬೇಕು.

ಪ್ರಶ್ನೆ: ಹುಣಸೂರಿನಲ್ಲಿ ಹೊಗೆಸೊಪ್ಪನ್ನು ಬೆಂಕಿಯ ಶಾಖದಲ್ಲಿ ಒಣಗಿಸುವ ಬ್ಯಾರನ್‌ಗೆ ಸೌದೆ ಕತ್ತರಿಸುವ ನಮ್ಮ ಗರಗಸ ಈಚೆಗೆ ಹೊಗೆ ಬರಿಸುತ್ತಿದೆ, ಒಂದು ಕಡೆಗೆ ಎಳೆಯುತ್ತದೆ. ಮನೆಯಲ್ಲೇ ಅರ ಹಾಕಬಹುದೇ?

ಉತ್ತರ: ಹಾಕಬಹುದು. ಹೊಗೆ ಬರುವುದು ಹಲ್ಲು ಮೊಂಡಾಗಿರುವುದಕ್ಕೆ. ಎಳೆಯುವುದು ಎಡ ಬಲಕ್ಕೆ ಬಾಗಿಸಿದ ಹಲ್ಲುಗಳಲ್ಲಿ ಒಂದು ಬದಿಯವು ಹೆಚ್ಚು ಸವೆದಿರುವುದಕ್ಕೆ. ಬೆಲ್ಟ್ ಕಳಚಿಟ್ಟು, ಎಲ್ಲ ಹಲ್ಲಿಗೂ ಒಂದೇ ಲೆಕ್ಕದಲ್ಲಿ ಎರಡು ಮೂರು ಎಳೆತ ಅರ ಹಾಕಿ. ಒಂದು ಹಲ್ಲು ಗಿಡ್ಡವಾದರೆ ಅದರ ಮುಂದಿನದಕ್ಕೆ ಕೆಲಸ ಎರಡರಷ್ಟು. ಬಾಗು ಸರಿಪಡಿಸುವುದನ್ನು ಸಾಮಿಲ್ಲಿನ ಅರ ಹಾಕುವವರಿಗೆ ಬಿಡಿ, ಅದಕ್ಕೆ ಪಳಗಿದ ಕೈ ಬೇಕು. ಹಲ್ಲಿನ ಬುಡದ ತಗ್ಗಿಗೆ ಮಾತ್ರ ದುಂಡು ಅರವನ್ನೇ ಬಳಸಿ. ಮೂರು ಮೂಲೆಯ ಅರ ಅಲ್ಲಿ ಚೂಪು ಮೂಲೆ ಬಿಟ್ಟರೆ ಬಿರುಕು ಶುರುವಾಗುವುದು ಅಲ್ಲಿಂದಲೇ.